ಅಮಾವಾಸ್ಯೆ ರಾತ್ರಿ ಹೊಳೆಗಿಳಿದೆವು

ಉಡುಪಿಗೆ ಹೋಗುವುದೆಂದರೆ ನಮ್ಮ ಬಸವನಗುಡಿ ಕಡೆ ಯಾರ ಮನೆಯಲ್ಲೂ ತಕರಾರು ಬರುವುದಿಲ್ಲ. ಕೃಷ್ಣನ ದರ್ಶನ, ಕನಕನ ಕಿಂಡಿ, ಊಟ, ಸಾಯಂಕಾಲ ಮಲ್ಪೆ ಕಡಲು. ಇಷ್ಟು ಹೇಳಿದರೆ ಸಾಕು, ದೊಡ್ಡವರು ತಲೆಯಾಡಿಸುತ್ತಾರೆ. ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗ್ಗೆ ಒಟ್ಟಿಗೆ ನಡೆಯುವ ನಾವು ಕೆಲವರು, ಮಲ್ಲೇಶ್ವರದಿಂದ ನಮ್ಮಕ್ಕ-ಭಾವ, ಚಾಮರಾಜಪೇಟೆಯ ಒಬ್ಬರು ಆಂಟಿ, ಎಲ್ಲ ಸೇರಿ ಹನ್ನೊಂದು ಜನ ಪಂಚಗಂಗಾ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿ ತಿಂಗಳಾಗಿತ್ತು. ರಾತ್ರಿಯ ಕಾರ್ಯಕ್ರಮ ಏನು ಅನ್ನುವುದನ್ನು ಮಾತ್ರ ಮನೆಯಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. ಕೋಡಿ ಬೆಂಗ್ರೆಯ ಹೊಳೆಯಲ್ಲಿ ಕಯಾಕ್ ಹತ್ತಿ, ಕತ್ತಲಲ್ಲಿ ನೀರು ತಾನಾಗಿ ಬೆಳಗುವುದನ್ನು ನೋಡುವುದು. ಚಂದ್ರ ಇದ್ದರೆ ಅದು ಕಾಣುವುದಿಲ್ಲ. ಹಾಗಾಗಿ ಗೊತ್ತು ಮಾಡಿದ್ದು ಕಾರ್ತಿಕದ ಅಮಾವಾಸ್ಯೆ.

ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ಅದಾಗಿ ವಾರದೊಳಗೆ ಅಮಾವಾಸ್ಯೆ ಬಂದೇ ಬರುತ್ತದೆ. ಪರಿಷೆಯಿಂದ ಒಂದು ಸೇರು ಹಸಿ ಕಡಲೆಕಾಯಿ ತಂದು ಸುರಿದುಕೊಂಡು ಕೂತಿದ್ದ ನಮ್ಮತ್ತೆ ಒಂಟಿಕೊಪ್ಪಲು ಪಂಚಾಂಗ ತೆಗೆದು ನೋಡಿದವರೇ, "ಶನಿವಾರ ಅಮಾವಾಸ್ಯೆ ಅಲ್ವೇನೇ? ಅವತ್ತು ರಾತ್ರಿ ಉಡುಪೀಲಿ ಏನು ಕೆಲಸ?" ಅಂದರು. ಹದಿನಾಲ್ಕು ವರ್ಷದ ಮಗಳು ಬಾಯಿಬಿಟ್ಟಳು. "ಅಜ್ಜಿ, ದೋಣೀಲಿ ಹೋಗ್ತೀವಿ. ನೀರು ಹೊಳೆಯುತ್ತಂತೆ!"

ಅತ್ತೆ ಸಿಟ್ಟು ಮಾಡಲಿಲ್ಲ. ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು, ಅಷ್ಟೆ. ಅವರ ಅಣ್ಣ ಹದಿನಾರನೆಯ ವಯಸ್ಸಿನಲ್ಲಿ ಊರ ಕೆರೆಯಲ್ಲಿ ಹೋದವರು, ಅದೂ ಒಂದು ಅಮಾವಾಸ್ಯೆಯ ಸಂಜೆ. ಆಗ ಅತ್ತೆಗೆ ಒಂಬತ್ತು ವರ್ಷ. ಅಲ್ಲಿಂದ ಈ ಮನೆಯಲ್ಲಿ ಯಾರೂ ನೀರಿಗೆ ಇಳಿದಿಲ್ಲ. ನಮ್ಮ ಯಜಮಾನರಿಗೆ ಐವತ್ತೆರಡು ದಾಟಿದೆ, ಈಜು ಬರುವುದಿಲ್ಲ. ಲಾಲ್‌ಬಾಗಿನ ಕೆರೆ ಏರಿ ಮೇಲೆ ನಡೆಯುವಾಗಲೂ ಮಕ್ಕಳ ಕೈ ಬಿಡುವಂತಿಲ್ಲ. ಇದು ಬರೀ ಶಾಸ್ತ್ರದ ಮಾತಾಗಿದ್ದರೆ ವಾದ ಮಾಡಬಹುದಿತ್ತು. ಅವರ ಮುಂದೆ ವಾದ ಮಾಡಲು ನನಗೆ ನಾಲಿಗೆ ಏಳಲಿಲ್ಲ. ಎರಡು ದಿನ ಬಿಟ್ಟು ಅವರೇ ಹೇಳಿದರು, "ನಾನೂ ಬರ್ತೀನಿ. ದಡದಲ್ಲಿ ಕೂತಿರ್ತೀನಿ. ಆ ನೀರು ಎಂಥದು ಅಂತ ನೋಡದೆ ಮಗೂನ ಕಳಿಸಲ್ಲ."

ಸಂಜೆ ಮೆಜೆಸ್ಟಿಕ್‌ನಲ್ಲಿ ರೈಲು ಹತ್ತಿದ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಿದ್ದೇ ತಡ, ಭಾವನ ಪಾಠ ಶುರುವಾಯಿತು. ಅವರು ನಿವೃತ್ತ ಫಿಸಿಕ್ಸ್ ಲೆಕ್ಚರರ್. ಮಲ್ಲೇಶ್ವರದವರಿಗೆ ಸಿ.ವಿ. ರಾಮನ್ ಅಂದರೆ ಪಕ್ಕದ ಬೀದಿಯ ಹಿರಿಯರ ಹಾಗೆ. ಪಂಚವಟಿ ಬಂಗಲೆಯ ಮುಂದೆ ಹಾದುಹೋಗುವಾಗ ಈಗಲೂ ಚಪ್ಪಲಿ ಸದ್ದು ಕಡಿಮೆ ಮಾಡುತ್ತೇನೆ ಅಂತ ಭಾವ ಹೇಳುವುದುಂಟು (ನಮ್ಮಕ್ಕ ನಂಬುವುದಿಲ್ಲ). 1921ರಲ್ಲಿ ಇಂಗ್ಲೆಂಡಿಗೆ ಹೋಗಿ ಬರುವಾಗ ಮೆಡಿಟರೇನಿಯನ್ ಸಮುದ್ರದ ಕಡು ನೀಲಿ ನೋಡಿ ರಾಮನ್ ಬೆರಗಾದರು. ಕಡಲಿನ ನೀಲಿ ಆಕಾಶದ ಪ್ರತಿಬಿಂಬ ಅನ್ನುವುದು ಆಗ ಪ್ರಚಲಿತವಾಗಿದ್ದ ಮಾತು. ವಾಪಸು ಬರುವ ‘ನಾರ್ಕುಂಡಾ’ ಹಡಗಿನಲ್ಲಿ ಒಂದು ಚಿಕ್ಕ ಪ್ರಿಸ್ಮ್ ಹಿಡಿದು ಅವರು ಪರೀಕ್ಷೆ ಮಾಡಿದರು. ನೀರಿನ ಅಣುಗಳೇ ಬೆಳಕನ್ನು ಚೆದುರಿಸುವುದರಿಂದ ಈ ನೀಲಿ ಎಂದು ‘ನೇಚರ್’ ಪತ್ರಿಕೆಗೆ ಬರೆದರು. ಆ ದಾರಿ ಹಿಡಿದು ಹೋಗಿಯೇ 1928ರ ರಾಮನ್ ಪರಿಣಾಮ, 1930ರ ನೊಬೆಲ್.

"ಹಗಲಿನ ನೀಲಿ ನೀರಿಂದು. ನಾವೀಗ ನೋಡೋಕೆ ಹೊರಟಿರೋದು ಪ್ರಾಣಿದು," ಎಂದರು ಭಾವ.

"ಪ್ರಾಣಿನಾ ದೊಡ್ಡಪ್ಪ?" ಅಂತ ಮಗಳು.

ಪ್ರಾಣಿ ಅನ್ನುವುದು ಸಲುಗೆಯ ಮಾತು. ಇಡೀ ಜೀವವೇ ಒಂದು ಕೋಶ. ಹೆಸರು ನಾಕ್ಟಿಲೂಕ ಸಿಂಟಿಲನ್ಸ್. ಲ್ಯಾಟಿನ್‌ನಲ್ಲಿ ನಾಕ್ಟಿಲೂಕ ಅಂದರೆ ರಾತ್ರಿ ಬೆಳಗುವುದು ಅಂತ ಅರ್ಥ. ಒಂಟಿ ಕೋಶದ ಜೀವಿಗಳ ಲೆಕ್ಕದಲ್ಲಿ ಇದು ದೈತ್ಯ. ದೊಡ್ಡದಾಗಿ ಬೆಳೆದದ್ದು ಸಾಸಿವೆ ಕಾಳಿನ ಗಾತ್ರಕ್ಕೂ ಬರಬಹುದು. ಬಾಲದಂಥದೊಂದು ಎಳೆ ಇರುವ ಪಾರದರ್ಶಕ ಗುಳ್ಳೆ. ಈಜಲು ಬರುವುದಿಲ್ಲ, ತೇಲುತ್ತದೆ. ಅಲೆ ತಗುಲಿದರೆ, ಮೀನು ಸರಿದರೆ, ಹುಟ್ಟು ಬಿದ್ದರೆ ಕೋಶದೊಳಗೆ ಆಮ್ಲದ ಪ್ರಮಾಣ ಥಟ್ಟನೆ ಏರಿ ಲೂಸಿಫೆರಿನ್ ಎಂಬ ವಸ್ತು ಉರಿಯುತ್ತದೆ. ಉರಿ ಎಂದರೂ ಬಿಸಿಯಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಒಂದು ನೀಲಿ ಮಿಂಚು, ಮುಗಿಯಿತು. ನಮ್ಮ ಮಿಂಚುಹುಳುವಿನ ಬೆಳಕು ಸಂಗಾತಿಯನ್ನು ಕರೆಯಲು. ಇದರದ್ದು ಹಾಗಲ್ಲ. ತನ್ನನ್ನು ತಿನ್ನಲು ಬಂದವನ ಮೇಲೆ ಬೆಳಕು ಬಿದ್ದರೆ, ಅವನನ್ನು ತಿನ್ನುವ ಇನ್ನೂ ದೊಡ್ಡವನಿಗೆ ಅವನು ಕಾಣುತ್ತಾನೆ. ಕಳ್ಳ ನುಗ್ಗಿದಾಗ ಬೀದಿಗೆಲ್ಲ ಕೇಳುವ ಹಾಗೆ ಕೂಗಿಕೊಂಡಂತೆ, ಎನ್ನುವುದು ವಿಜ್ಞಾನಿಗಳು ಕೊಡುವ ವಿವರಣೆ.

ಅತ್ತೆ ಕಿಟಕಿ ಪಕ್ಕ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಹಾಗಾದ್ರೆ ಅದು ಹೆದರಿಕೊಂಡಾಗ ಬೆಳಗುತ್ತೆ ಅನ್ನಿ," ಎಂದರು. ಭಾವನ ಬಳಿ ಅದಕ್ಕೆ ಉತ್ತರ ಇರಲಿಲ್ಲ.

ನಸುಕಿನಲ್ಲಿ ಇಂದ್ರಾಳಿಯ ಸ್ಟೇಷನ್ನಿನಲ್ಲಿ ಇಳಿದು, ಸ್ನಾನ, ದರ್ಶನ, ಬಿಸಿಬಿಸಿ ಬನ್ಸ್ ಎಲ್ಲ ಆಯಿತು. ಆ ಭಾಗ ಎಲ್ಲರಿಗೂ ಗೊತ್ತಿರುವುದೇ, ಬಿಡಿ. ಮಧ್ಯಾಹ್ನದ ಮೇಲೆ ಮಲ್ಪೆ ದಾಟಿ, ಹೂಡೆ ಮೇಲೆ ಉತ್ತರಕ್ಕೆ ಹೊರಟೆವು. ಆ ರಸ್ತೆಯನ್ನು ಒಮ್ಮೆ ನೋಡಬೇಕು. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸುವರ್ಣಾ ಹೊಳೆ, ನಡುವೆ ತೆಂಗಿನ ತೋಟ, ಹೆಂಚಿನ ಮನೆ, ಒಣಹಾಕಿದ ಬಲೆ. ನೆಲ ಕಿರಿದಾಗುತ್ತಾ ಆಗುತ್ತಾ ಕೆಲವು ಕಡೆ ಒಂದು ಕಿಟಕಿಯಲ್ಲಿ ಕಡಲು, ಇನ್ನೊಂದರಲ್ಲಿ ಹೊಳೆ. ಕೊನೆಗೆ ರಸ್ತೆಯೇ ಮುಗಿದುಹೋಗುತ್ತದೆ. ಅದು ಕೋಡಿ ಬೆಂಗ್ರೆ. ಸುವರ್ಣಾ, ಸೀತಾ ಎರಡೂ ಹೊಳೆಗಳು ಅಲ್ಲಿ ಕೂಡಿ ಕಡಲಿಗೆ ಸೇರುತ್ತವೆ. ಎದುರು ದಡದಲ್ಲಿ ಹಂಗಾರಕಟ್ಟೆ. ಹೊಳೆ ಕಡಲಿಗೆ ಬೀಳುವ ಜಾಗಕ್ಕೆ ಇಲ್ಲಿಯವರು ಅಳಿವೆ ಅನ್ನುತ್ತಾರೆ. ಇನ್ನೂ ಸ್ವಲ್ಪ ಉತ್ತರಕ್ಕೆ ಹೋದರೆ ಕೋಟ, ಕಾರಂತರ ಊರು. ‘ಮರಳಿ ಮಣ್ಣಿಗೆ’ ಓದಿದವರಿಗೆ ಈ ತೀರದ ಉಪ್ಪುಗಾಳಿಯ ಪರಿಚಯ ಇದ್ದೇ ಇರುತ್ತದೆ.

ನಮ್ಮನ್ನು ಕರೆದುಕೊಂಡು ಹೋಗಬೇಕಾದ ಹುಡುಗ ಜೆಟ್ಟಿಯ ಹತ್ತಿರ ಕಾಯುತ್ತಿದ್ದ. ಮೂವತ್ತರ ಆಸುಪಾಸು, ಮೀನುಗಾರರ ಮನೆಯವನು, ಜೊತೆಗೆ ಅವನ ತಮ್ಮ. ಅತ್ತೆ ನೇರವಾಗಿ ಅವನ ಮುಂದೆ ಹೋಗಿ ನಿಂತರು.

"ಏನಪ್ಪಾ, ಅಮಾವಾಸ್ಯೆ ದಿನ ನೀರಿಗೆ ಇಳಿಬಾರದು ಅಂತಾರೆ. ನೀವು ಇಳಿಸ್ತೀರಲ್ಲ?"

ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. "ನೀವು ಹೇಳುದು ಸರಿಯೇ ಅಮ್ಮ. ಅಮಾವಾಸ್ಯೆಗೆ, ಹುಣ್ಣಿಮೆಗೆ ನೀರು ಜೋರು. ಇಳಿತದ ಹೊತ್ತಿಗೆ ಅಳಿವೆ ಹತ್ರ ಹೋದ್ರೆ ಕಡಲಿಗೆ ಎಳ್ಕೊಂಡು ಹೋಗ್ತದೆ. ನಾವೇ ಹೋಗುದಿಲ್ಲ," ಅಂದ.

ವಿಷಯ ಸರಳ. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ ಬರುವ ಈ ಎರಡು ತಿಥಿಗಳ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟು ನೀರು ಅಷ್ಟೇ ಹೊತ್ತಿನಲ್ಲಿ ಕಿರಿದಾದ ಅಳಿವೆಯಲ್ಲಿ ಒಳಗೆ ಹೊರಗೆ ಆಗಬೇಕು. ಹಾಗಾಗಿ ಸೆಳೆತ ಹೆಚ್ಚು. ಅಮಾವಾಸ್ಯೆ ದಿನ ಈ ಕರಾವಳಿಯಲ್ಲಿ ಸಂಜೆಯ ಹೊತ್ತಿಗೆ ನೀರು ಪೂರ್ತಿ ಇಳಿದಿರುತ್ತದೆ. ಆಮೇಲೆ ಏರತೊಡಗಿ ಮಧ್ಯರಾತ್ರಿಯ ಕಡೆಗೆ ತುಂಬುತ್ತದೆ. ಏಳೂವರೆಗೆ ಹೊರಟರೆ ನೀರು ನಮ್ಮನ್ನು ಕಡಲಿನ ಕಡೆಗಲ್ಲ, ಊರಿನ ಕಡೆಗೇ ತಳ್ಳುತ್ತದೆ. ಒಂಬತ್ತೂವರೆಗೆ ಎಲ್ಲರೂ ದಡದಲ್ಲಿರಬೇಕು ಎಂದು ಆ ಹುಡುಗ ಲೆಕ್ಕ ಹಾಕಿಟ್ಟಿದ್ದ. ಬೆಳಕಿನ ಜೀವಿಯೂ ಕಡಲಿಂದ ಅದೇ ಉಬ್ಬರದ ಜೊತೆ ಹೊಳೆಗೆ ಬರುವುದು. ಮಳೆಗಾಲದಲ್ಲಿ ಹೊಳೆ ತುಂಬ ಸಿಹಿನೀರು, ಆಗ ಇದೆಲ್ಲ ಇಲ್ಲ. ಮಳೆ ನಿಂತು ಉಪ್ಪು ಒಳಗೆ ಹತ್ತಿದ ಮೇಲೆಯೇ.

"ಅವರಣ್ಣ ಹೋಗಿದ್ದು ಕೆರೇಲಿ, ಕೆರೆಗೆ ಉಬ್ಬರ ಎಲ್ಲಿ..." ಅಂತ ಭಾವ ಶುರು ಮಾಡಿದರು. ಅಕ್ಕ ಮೊಣಕೈಯಿಂದ ತಿವಿದಳು.

ಅತ್ತೆ ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಜಾಕೆಟ್ ಎಷ್ಟು ಭಾರ ತಡೆಯುತ್ತೆ, ದೋಣಿ ಮಗುಚಿದರೆ ಏನು, ನಿಮ್ಮಿಬ್ಬರಲ್ಲಿ ಹಿಂದೆ ಯಾರಿರ್ತೀರಿ, ಆಳ ಎಷ್ಟು. ಆ ಹುಡುಗ ಒಂದೊಂದಕ್ಕೂ ಉತ್ತರ ಕೊಟ್ಟ. ಕಾಂಡ್ಲಾ ಗಿಡಗಳ ಹಿಂದಿನ ಒಳಹೊಳೆಗೆ ಮಾತ್ರ ಹೋಗುವುದು, ಅಲ್ಲಿ ಹೆಚ್ಚಿನ ಕಡೆ ಎದೆಮಟ್ಟದ ನೀರು. ಮುಂದೆ ತಾನು, ಹಿಂದೆ ತಮ್ಮ. ಎಲ್ಲರ ಕೊರಳಿಗೂ ಸೀಟಿ. ಕುಡಿದು ಬಂದವರನ್ನು ಎಷ್ಟು ದುಡ್ಡು ಕೊಟ್ಟರೂ ಹತ್ತಿಸುವುದಿಲ್ಲ ಅಂತ ಕೇಳದೆಯೇ ಹೇಳಿದ. ಇಂಥ ಪ್ರವಾಸಕ್ಕೆ ಹೋಗಬೇಕು ಅಂತಿರುವ ಓದುಗರಿಗೆ ನಾನು ಹೇಳುವುದು ಇಷ್ಟೇ. ನಮ್ಮತ್ತೆ ಕೇಳಿದ ನಾಲ್ಕು ಪ್ರಶ್ನೆ ನೀವೂ ಕೇಳಿ. ಉಬ್ಬರದ ಹೊತ್ತು ಗೊತ್ತಿಲ್ಲದೆ ಬರೀ ಜಾಕೆಟ್ ಕೊಡುವವರ ಜೊತೆ ಹೋಗಬೇಡಿ, ಎಷ್ಟೇ ಚೆಂದದ ರೀಲ್ಸ್ ಹಾಕಿರಲಿ.

ಕತ್ತಲಾಯಿತು. ಅತ್ತೆ ಮತ್ತು ಚಾಮರಾಜಪೇಟೆಯ ಆಂಟಿ ಜೆಟ್ಟಿಯ ಮೆಟ್ಟಿಲ ಮೇಲೆ ಒಂದು ಜಮಖಾನ ಹಾಸಿಕೊಂಡು ಕೂತರು. ಉಳಿದ ಒಂಬತ್ತು ಜನರಲ್ಲಿ ಇಬ್ಬಿಬ್ಬರಂತೆ ನಾಲ್ಕು ಕಯಾಕ್, ಭಾವ ಮಾತ್ರ ಆ ಹುಡುಗನ ಜೊತೆ. ನಾನೂ ಮಗಳೂ ಒಂದರಲ್ಲಿ, ಅವಳು ಮುಂದೆ, ನಾನು ಹಿಂದೆ. ಪ್ಲಾಸ್ಟಿಕ್ಕಿನ ಅಗಲ ದೋಣಿ, ಒಳಗೆ ಕೂರುವುದಲ್ಲ, ಮೇಲೆ ಕೂರುವುದು. ಕೂತ ತಕ್ಷಣ ತಣ್ಣಗೆ ಒದ್ದೆ. ಅಮಾವಾಸ್ಯೆ, ಹೊಳೆ, ಈಜು ಬಾರದ ನಾನು, ಈಜು ಬಾರದ ಮಗಳು. ದಡ ಬಿಟ್ಟಾಗ ಹಿಂದಿರುಗಿ ನೋಡಿದೆ. ಅತ್ತೆ ಕೈ ಬೀಸಲಿಲ್ಲ. ಸೆರಗನ್ನು ಬಿಗಿಯಾಗಿ ಹೊದ್ದು ಕೂತಿದ್ದರು.

ಮೊದಲ ಇಪ್ಪತ್ತು ನಿಮಿಷ ಏನೇನೂ ಇಲ್ಲ. ನಿಜ ಹೇಳುತ್ತೇನೆ, ಸಪ್ಪೆ ಕಪ್ಪು ನೀರು. ಹಂಗಾರಕಟ್ಟೆ ಕಡೆಯ ದೀಪಗಳು ಹೊಳೆಯ ಮೇಲೆ ಉದ್ದುದ್ದ ಬಿದ್ದಿದ್ದವು. ನಮ್ಮ ಗುಂಪಿನ ಒಬ್ಬರು, "ಇದಕ್ಕಾ ಇಷ್ಟು ದೂರ ಬಂದಿದ್ದು?" ಅಂತ ಫೋನ್ ತೆಗೆದರು. ಮುಂದಿನಿಂದ ಕೂಗು ಬಂತು, "ಫೋನ್ ಒಳಗೆ ಇಡಿ ಮಾರಾಯ್ರೆ! ಒಬ್ರು ತೆಗೆದ್ರೆ ಎಲ್ರಿಗೂ ಮತ್ತೆ ಮೊದ್ಲಿಂದ."

ಕಣ್ಣಿನ ಲೆಕ್ಕ ಹಾಗೆಯೇ ಇರುವುದು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಸಲ ಬಿಳಿ ಬೆಳಕು ಕಣ್ಣಿಗೆ ಹೊಡೆದರೆ ಗಳಿಸಿದ್ದೆಲ್ಲ ಹೋಗುತ್ತದೆ. ಕೆಂಪು ಬೆಳಕು ಅಷ್ಟು ಕೆಡಿಸುವುದಿಲ್ಲ. ಆ ಹುಡುಗನ ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದು ಅದಕ್ಕೇ. ನಾವು ಬೆಂಗಳೂರಿನವರು ಈ ಮೂವತ್ತು ನಿಮಿಷವನ್ನು ಜೀವನದಲ್ಲಿ ಯಾವತ್ತಾದರೂ ಕೊಟ್ಟಿದ್ದೇವಾ ಅನಿಸಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಈಗಿನ ಕೆ.ಆರ್. ಮಾರುಕಟ್ಟೆಯ ಕಡೆ ಬೀದಿದೀಪ ಹತ್ತಿದ್ದನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ಆದರೆ ನನ್ನ ಮಗಳು ಹುಟ್ಟಿದ ಮೇಲೆ ಗಾಂಧಿಬಜಾರಿನಲ್ಲಿ ಕತ್ತಲಾದದ್ದೇ ಇಲ್ಲ. ಕರೆಂಟು ಹೋದರೂ ಎಲ್ಲರ ಮನೆಯಲ್ಲೂ ಯುಪಿಎಸ್. ಅವಳು ನೋಡಿರುವುದು ಮಬ್ಬು ಕಿತ್ತಳೆ ಬಣ್ಣದ ರಾತ್ರಿ. ಕಾರ್ತಿಕ ಮಾಸವಿಡೀ ದೇವಸ್ಥಾನಗಳಲ್ಲಿ ದೀಪ ಹಚ್ಚಿ, ಕೊನೆಯ ದಿನ ಕತ್ತಲನ್ನು ಹುಡುಕಿಕೊಂಡು ಬಂದಿದ್ದೆವು.

ಒಂದು ತಿರುವು ದಾಟಿದೆವು. ಕಾಂಡ್ಲಾ ಗಿಡಗಳು ಎರಡೂ ಕಡೆ ಗೋಡೆಯ ಹಾಗೆ ನಿಂತು ಎದುರು ದಡದ ದೀಪಗಳು ಮರೆಯಾದವು. ಹುಟ್ಟು ಎತ್ತಿದಾಗ ಬೇರುಗಳ ನಡುವೆ ಏನೋ ಪುಳಕ್ ಅಂದ ಸದ್ದು. ಮಗಳು ಮೆಲ್ಲಗೆ, "ಅಮ್ಮ, ನನ್ನ ಹುಟ್ಟು ನೋಡು," ಅಂದಳು.

ಅವಳ ಹುಟ್ಟು ನೀರಿಗೆ ಬಿದ್ದ ಕಡೆ ಹೊಗೆಯಂಥ ಬೆಳ್ಳಗಿನ ಸುಳಿ. ಎತ್ತಿದಾಗ ಅಂಚಿನಿಂದ ತೊಟ್ಟಿಕ್ಕಿದ ಪ್ರತಿ ಹನಿಯೂ ನೀರಿಗೆ ಬಿದ್ದು ಒಂದು ಚಿಕ್ಕ ಬಳೆಯಾಗಿ ಬೆಳಗಿ ಆರಿತು. ನಾನೂ ಹಾಕಿದೆ, ನನಗೂ ಬಂತು. ಮುಂದಿನ ದೋಣಿ ಸೀಳಿಕೊಂಡು ಹೋದ ದಾರಿ ಎರಡು ಗೆರೆಗಳಾಗಿ, ರಂಗೋಲಿ ಪುಡಿಯನ್ನು ಎರಡೂ ಕೈಯಿಂದ ಎಳೆದ ಹಾಗೆ, ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ನಮ್ಮ ದೋಣಿಯ ಸದ್ದಿಗೆ ಬೆದರಿದ ಮೀನುಗಳು ಕೆಳಗೆ ದಿಕ್ಕಾಪಾಲಾಗಿ ಓಡಿದವು. ಮೀನು ಕಾಣಲಿಲ್ಲ, ಓಡಿದ ಗೆರೆ ಕಂಡಿತು. ಒಬ್ಬರೂ ಮಾತಾಡಲಿಲ್ಲ. ಭಾವ ಕೂಡ.

ಬಣ್ಣದ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಫೋಟೋಗಳಲ್ಲಿ ಕಾಣುವ ಆ ಕಡುನೀಲಿ ಕಣ್ಣಿಗೆ ಹಾಗೆ ಸಿಗುವುದಿಲ್ಲ. ಕ್ಯಾಮೆರಾ ಹಲವು ಸೆಕೆಂಡು ಕಣ್ಣು ತೆರೆದಿಟ್ಟು ಬೆಳಕನ್ನು ಕೂಡಿಹಾಕುತ್ತದೆ. ನಮ್ಮ ಕಣ್ಣಿನಲ್ಲಿ ಮಂದ ಬೆಳಕನ್ನು ಹಿಡಿಯುವ ಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಹಾಗಾಗಿ ಮಂದವಾಗಿರುವಾಗ ಬೆಳ್ಳಿಬೂದು. ಕೈಯಿಂದ ಜೋರಾಗಿ ಕಲಕಿದರೆ ಮಾತ್ರ ನೀಲಿಯ ಛಾಯೆ. ಜಾಹೀರಾತಿನ ನೀಲಿ ಬೇಕೆಂದು ಹೋದವರಿಗೆ ಬೇಜಾರಾಗುತ್ತದೆ. ನನಗೆ ಆ ಬೂದುಬಣ್ಣದ್ದೇ ಇಷ್ಟವಾಯಿತು. ಮಗಳು ತೋಳಿನವರೆಗೆ ಕೈ ಅದ್ದಿ ತೆಗೆದಾಗ ಅವಳ ಕೂದಲು ಕೂದಲಿಗೂ ಒಂದೊಂದು ಚುಕ್ಕಿ ಅಂಟಿಕೊಂಡು, ಮಿಣಕ್ ಮಿಣಕ್ ಅಂದು, ಒಂದೊಂದಾಗಿ ಆರಿತು. ಆ ಕೈ ಹಿಡಿದು ಎಳೆದು ಒಳಗಿಡಬೇಕು ಅಂತ ನನ್ನ ಕೈ ಮುಂದೆ ಹೋಗಿತ್ತು. ಹಾಗೆಯೇ ಹಿಂದಕ್ಕೆ ತೆಗೆದುಕೊಂಡೆ.

ಒಂದು ಕಡೆ ದೋಣಿಗಳನ್ನೆಲ್ಲ ಒತ್ತೊತ್ತಾಗಿ ಸೇರಿಸಿ ನಿಲ್ಲಿಸಿ ಆ ಹುಡುಗ ತನ್ನ ಅಪ್ಪನ ಕಾಲದ ಮಾತು ಹೇಳಿದ. ಕತ್ತಲ ರಾತ್ರಿಗಳಲ್ಲಿ ದೋಣಿಯ ಮುಂಭಾಗದಲ್ಲಿ ಒಬ್ಬ ಹಿರಿಯ ನಿಂತು ನೀರಿನ ಬೆಳಕು ನೋಡಿಯೇ ಹಿಂಡು ಎಲ್ಲಿದೆ, ಯಾವ ಕಡೆಗೆ ಹೊರಟಿದೆ ಅಂತ ಹೇಳುತ್ತಿದ್ದನಂತೆ. ಬೂತಾಯಿಯ ಹಿಂಡಿನ ಹೊಳಪು ಒಂದು ಥರ, ಬಂಗುಡೆಯದು ಇನ್ನೊಂದು ಥರ. ರಂಪಣಿ ಬಲೆಯನ್ನು ಊರಿಗೆ ಊರೇ ಸೇರಿ ಎಳೆಯುತ್ತಿದ್ದ ದಿನಗಳವು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಈಗ ಬೆಳಕೇ ತಿರುಗುಮುರುಗು. ಜನರೇಟರ್ ಇಟ್ಟು ಎಲ್‌ಇಡಿ ದೀಪ ಹೊತ್ತಿಸಿ ಮೀನನ್ನು ಬೆಳಕಿಗೆ ಕರೆಯುವುದು. ದೊಡ್ಡದು ಚಿಕ್ಕದು ಮರಿ ಎಲ್ಲವೂ ಬಂದು ಬಲೆಗೆ ಬೀಳುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿತು. "ಕಾನೂನು ಉಂಟು," ಅಂದ ಹುಡುಗ. ಮುಂದಕ್ಕೆ ಹೇಳಲಿಲ್ಲ, ಪಶ್ಚಿಮದ ಕಡೆ ಕತ್ತೆತ್ತಿ ತೋರಿಸಿದ. ತೆಂಗಿನ ಸಾಲಿನ ಆಚೆ ದಿಗಂತದ ಹತ್ತಿರ ಒಂದು ಕಡೆ ಆಕಾಶ ಬೆಳ್ಳಗಿತ್ತು.

ಭಾವ ಆಗ ಒಂದು ಮಾತು ಕೇಳಿದರು. ಇದು ಹೆಚ್ಚಾಗುವುದು ಒಳ್ಳೆಯದಾ? ಆ ಹುಡುಗ ಪುಸ್ತಕ ಓದಿದವನಲ್ಲ, ಆದರೂ ಥಟ್ಟನೆ, "ಇಷ್ಟಿದ್ರೆ ಚೆಂದ. ರಾಶಿ ಬಂದ್ರೆ ಆ ಕಡೆ ಮೀನು ಇಲ್ಲ," ಅಂದ. ವಿಜ್ಞಾನಿಗಳು ಹೇಳುವುದೂ ಅದಕ್ಕೆ ಹತ್ತಿರವೇ ಇದೆ. ನಾಕ್ಟಿಲೂಕದ ಒಡಲಲ್ಲಿ ಅಮೋನಿಯಾ ತುಂಬಿರುತ್ತದೆ, ತೇಲಲು ಅದೇ ಸಹಾಯ. ವಿಪರೀತ ಬೆಳೆದು ಒಮ್ಮೆಲೇ ಸತ್ತರೆ ಅಮೋನಿಯಾ ನೀರಿಗೆ ಬಿಡುತ್ತದೆ, ಕೊಳೆಯುವಾಗ ಆಮ್ಲಜನಕ ಕಡಿಮೆಯಾಗುತ್ತದೆ. ಹೆಲ್ಗಾ ಗೋಮ್ಸ್, ಜೋಕಿಂ ಗೋಯೆಸ್ ಮತ್ತು ಅವರ ಸಂಗಡಿಗರು 2014ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಉತ್ತರ ಅರಬ್ಬೀ ಸಮುದ್ರದ ಬಗ್ಗೆ ಬರೆದರು. ಅಲ್ಲಿ ಚಳಿಗಾಲದಲ್ಲಿ ಮೊದಲು ಡಯಾಟಂ ಎಂಬ ಸೂಕ್ಷ್ಮ ಸಸ್ಯಗಳು ಬೆಳೆಯುತ್ತಿದ್ದವು, ಮೀನಿನ ಆಹಾರ ಸರಪಳಿ ಅವುಗಳ ಮೇಲೆ ನಿಂತಿತ್ತು. ಈಗ ಆ ಜಾಗವನ್ನು ಹಸಿರು ನಾಕ್ಟಿಲೂಕ ಹಿಡಿದಿದೆ; ಆಮ್ಲಜನಕ ಕಡಿಮೆಯಾದ ನೀರು ಮೇಲಕ್ಕೆ ಹರಡುತ್ತಿರುವುದು ಅದಕ್ಕೆ ಅನುಕೂಲ ಮಾಡಿಕೊಟ್ಟಿದೆ. ಇದನ್ನು ತಿನ್ನುವುದು ಹೆಚ್ಚಾಗಿ ಅಂಬಲಿಮೀನಿನಂಥ ಜೀವಿಗಳು, ನಮ್ಮ ಬೂತಾಯಿ-ಬಂಗುಡೆಗೆ ಇದರಿಂದ ಹೊಟ್ಟೆ ತುಂಬುವುದಿಲ್ಲ. ಅದು ದೂರದ ತೆರೆಗಡಲಿನ ಮಾತು, ಒಂದು ಹೊಳೆಯ ಒಂದು ರಾತ್ರಿಗೆ ಹಾಗೇ ಅನ್ವಯಿಸಬಾರದು. ಆದರೂ ಪಟ್ಟಣದ ಚರಂಡಿ, ಗದ್ದೆಯ ಗೊಬ್ಬರ ಹೊಳೆಗೆ ಸೇರಿದರೆ ಈ ಜೀವಿಗೆ ಮೇವು ಹೆಚ್ಚುತ್ತದೆ ಅನ್ನುವುದು ಗೊತ್ತಿರುವ ಸಂಗತಿ. 2020ರ ಕೊನೆಯಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಕಡಲತೀರಗಳು ರಾತ್ರಿ ಬೆಳಗಿದಾಗ ಪೇಪರಿನಲ್ಲೆಲ್ಲ ಸಂಭ್ರಮದ ಫೋಟೋ ಬಂದಿತ್ತು. ನಾನೂ ಅವನ್ನು ನೋಡಿಯೇ ಆಸೆ ಪಟ್ಟವಳು.

ವಾಪಸು ಬರುವಾಗ ಉಬ್ಬರ ಬೆನ್ನ ಹಿಂದಿನಿಂದಲ್ಲ, ಎದುರಿನಿಂದ ಬರುತ್ತಿತ್ತು. ತೋಳು ಸೋತಿತು. ಒಳಗೆ ತಳ್ಳುವ ನೀರಿಗೆ ಎದುರಾಗಿ ಹುಟ್ಟು ಹಾಕುವುದೆಂದರೆ ಹತ್ತು ಹೆಜ್ಜೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಬಂದ ಹಾಗೆ. ಯಜಮಾನರ ದೋಣಿ ಕಾಂಡ್ಲಾ ಬೇರಿಗೆ ಸಿಕ್ಕಿಕೊಂಡಿತು. ಆ ತಮ್ಮ ಹುಡುಗ ನೀರಿಗೆ ಇಳಿದು ನಿಂತು ಬಿಡಿಸಿದ. ಎದೆಮಟ್ಟ ಅಂದದ್ದು ನಿಜವಾಗಿತ್ತು. ಅವನು ನಡೆದ ಕಡೆಯೆಲ್ಲ ಸೊಂಟದ ಸುತ್ತ ಬೆಳಕು.

ಜೆಟ್ಟಿ ಹತ್ತಿರವಾದಾಗ ಅತ್ತೆಯ ದನಿ ಮೊದಲು ಕೇಳಿತು. ಗಾಬರಿಯ ದನಿ ಅಲ್ಲ. "ನೀವು ಬರೋದು ಅಷ್ಟು ದೂರದಿಂದ್ಲೇ ಕಾಣಿಸ್ತು ಕಣೆ. ಐದು ಗೆರೆ. ಎಣಿಸ್ದೆ."

ವಿಚಾರಿಸಿದರೆ, ನಮಗಿಂತ ಮೊದಲು ನೋಡಿದ್ದು ಅವರಂತೆ. ನಾವು ಫೋನು, ಟಾರ್ಚು ಅಂತ ಗಲಾಟೆ ಮಾಡಿಕೊಂಡು ಕಾಂಡ್ಲಾ ತಿರುವಿನವರೆಗೆ ಹೋಗುವಷ್ಟರಲ್ಲಿ ಅವರು ಕತ್ತಲಲ್ಲಿ ಸುಮ್ಮನೆ ಕೂತಿದ್ದರು. ಅವರ ಹತ್ತಿರ ಇರುವುದು ಬಟನ್ ಫೋನು, ಅದೂ ಬ್ಯಾಗಿನಲ್ಲಿ. ಮೊದಲು ನಕ್ಷತ್ರ ಕಂಡವು, ಆಮೇಲೆ ಕೆಳಗಿನ ಮೆಟ್ಟಿಲಿಗೆ ನೀರು ಬಡಿದಾಗಲೆಲ್ಲ ಒಂದು ಬೆಳ್ಳಗಿನ ಅಂಚು ಮೂಡಿ ಅಳಿಯುವುದು ಕಂಡಿತು. ಚಾಮರಾಜಪೇಟೆ ಆಂಟಿ, "ರೀ, ಅದು ನೊರೆ," ಅಂದರಂತೆ. ನೊರೆ ಹೌದೋ ಅಲ್ಲವೋ ನೋಡಲು ನಮ್ಮತ್ತೆ ಎರಡು ಮೆಟ್ಟಿಲು ಇಳಿದಿದ್ದಾರೆ. ಉಬ್ಬರದ ನೀರು ಏರಿ ಬಂದು ಪಾದಕ್ಕೆ ತಾಗಿದೆ. ತಾಗಿದಲ್ಲಿ ಬೆಳಗಿದೆ.

"ಕಾಲುಂಗುರದ ಸುತ್ತ ಬಂತು," ಎಂದರು. "ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ನೀರು ಮಂಡಿವರೆಗೆ ಬಂದಾಗ ಮೇಲೆ ಹತ್ತಿದೆ." ಸೀರೆಯ ಅಂಚು ಒದ್ದೆಯಾಗಿತ್ತು. ಎಪ್ಪತ್ತಮೂರು ವರ್ಷದ ಅವರು ಹೊಳೆಯ ನೀರಲ್ಲಿ ನಿಂತದ್ದನ್ನು ಅವರ ಮಗ ಮೊದಲ ಸಲ ಕೇಳುತ್ತಿದ್ದರು. ಏನೋ ಹೇಳಲು ಬಾಯಿ ತೆರೆದವರು ಬಗ್ಗಿ ಜಮಖಾನ ಮಡಚತೊಡಗಿದರು. ಅಣ್ಣನ ಹೆಸರನ್ನು ಅತ್ತೆ ಎತ್ತಲಿಲ್ಲ. ರಾತ್ರಿ ಊಟಕ್ಕೆ ಗುಳ್ಳದ ಹುಳಿ ಎರಡು ಸಲ ಹಾಕಿಸಿಕೊಂಡರು.

ಖರ್ಚಿನ ಬಗ್ಗೆ ಕೇಳುವವರಿಗೆ: ರೈಲು, ಉಳಿಯುವುದು, ಕಯಾಕ್ ಎಲ್ಲ ಸೇರಿ ಮನೆಮಂದಿಯ ಒಂದು ಸಾಧಾರಣ ವಾರಾಂತ್ಯದ ಪ್ರವಾಸಕ್ಕೆ ಆಗುವಷ್ಟೇ. ಬೆಳಕು ಕಾಣುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಹಿಂದಿನ ಅಮಾವಾಸ್ಯೆಗೆ ಬಂದ ಗುಂಪಿಗೆ ಒಂದು ಚುಕ್ಕಿಯೂ ಕಂಡಿರಲಿಲ್ಲವಂತೆ. ಮಳೆಗಾಲ ಕಳೆದಿರಬೇಕು, ಎರಡು ಮೂರು ದಿನದಿಂದ ಮಳೆ ಬಿದ್ದಿರಬಾರದು, ಚಂದ್ರ ಇರಬಾರದು, ಉಬ್ಬರದ ಹೊತ್ತು ಕೂಡಿಬರಬೇಕು. ಇಷ್ಟೆಲ್ಲ ಇದ್ದೂ ಇಲ್ಲದಿರಬಹುದು. ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತೇವೆ ಅಂತ ಕೆಲವರು ಕೇಳುತ್ತಾರಂತೆ. ದಯವಿಟ್ಟು ಬೇಡ, ಮನೆ ತಲುಪುವಷ್ಟರಲ್ಲಿ ಅದು ಬರೀ ವಾಸನೆ ನೀರು.

ಮಾರನೆ ಬೆಳಗ್ಗೆ ಹೊರಡುವ ಮುಂಚೆ ಮತ್ತೊಮ್ಮೆ ಜೆಟ್ಟಿಯ ಕಡೆ ಹೋದೆವು. ಬಿಸಿಲು ಬಂದಿತ್ತು. ನೀರಿನ ಅಂಚಿನಲ್ಲಿ, ಕಸಕಡ್ಡಿ ಬಂದು ನಿಲ್ಲುವ ಮೂಲೆಯಲ್ಲಿ, ಟೊಮೆಟೊ ಸಾರಿನ ಕೆನೆಯಂಥ ನಸುಗೆಂಪು ಪಟ್ಟೆಯೊಂದು ತೇಲುತ್ತಿತ್ತು. ಚಾಮರಾಜಪೇಟೆ ಆಂಟಿ ಸೀರೆ ಎತ್ತಿ ಹಿಡಿದು, "ಅಯ್ಯೋ, ಎಂಥ ಗಲೀಜು ನೋಡಿ," ಅಂತ ಪಕ್ಕಕ್ಕೆ ಸರಿದರು.

ಬಲೆ ಬಿಡಿಸುತ್ತಾ ಕೂತಿದ್ದ ಆ ಹುಡುಗ ತಲೆಯೆತ್ತಿದ. "ಗಲೀಜಲ್ಲ ಅಮ್ಮ. ರಾತ್ರಿ ನೀವೆಲ್ಲ ನೋಡಿದ್ದು ಇದನ್ನೇ."